ಐದು ಮಿಲಿಮೀಟರ್ ತಗಡು

ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಟ್ಯಾಂಕನ್ನು ಮಕ್ಕಳ ಕೈಗೆ ಕೊಡಬಹುದೇ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಯುದ್ಧದ ಆಟಿಕೆಯಿಂದ ಮಗನ ಮನಸ್ಸು ಕೆಟ್ಟೀತೆಂಬ ಶಂಕೆ ಅವರದು. ಕೊಡಬಹುದೆಂದೇ ನನ್ನ ಅಭಿಪ್ರಾಯ. ಆದರೆ ಪಕ್ಕದ ಕವಚವನ್ನೂ ಸರಪಳಿಯನ್ನೂ ಜೋಡಿಸುವ ಹೊತ್ತಿಗೆ ಹಿರಿಯರೊಬ್ಬರು ಜೊತೆಯಲ್ಲಿ ಕುಳಿತಿರಬೇಕು. ಕಲಿಸುವ ಸಂಗತಿಗಳೆಲ್ಲ ಅಲ್ಲಿಯೇ ಇವೆ.

ನಾನೂ ಮೊಮ್ಮಗನೂ ಕೂಡಿ ಕಟ್ಟಿದ್ದು ಜರ್ಮನಿಯ ಪಾಂಜರ್ 4, ನಿಜವಾದುದರ ಮೂವತ್ತೈದನೆಯ ಒಂದು ಪಾಲು. 1943ರಿಂದ ಈ ಟ್ಯಾಂಕಿನ ಎರಡೂ ಪಕ್ಕಗಳಿಗೆ ಉಕ್ಕಿನ ತಗಡುಗಳನ್ನು ತೂಗುಹಾಕಿದರು. ಜರ್ಮನರು ಅವನ್ನು ಕರೆದದ್ದು ಷುರ್ಟ್ಸನ್ ಎಂದು. ಅಡಿಗೆಯವರು ಸೊಂಟಕ್ಕೆ ಕಟ್ಟುವ ಏಪ್ರನ್ ಎಂದೇ ಅದರ ಅರ್ಥ. ಟ್ಯಾಂಕಿನ ಮುಂಭಾಗದ ಉಕ್ಕು 80 ಮಿಲಿಮೀಟರ್ ದಪ್ಪ, ಪಕ್ಕದ್ದು ಕೇವಲ 30. ಸೋವಿಯತ್ ಕಾಲಾಳುಗಳ 14.5 ಮಿಲಿಮೀಟರ್ ಟ್ಯಾಂಕ್‌ವಿರೋಧಿ ಬಂದೂಕು ಸಮೀಪದಿಂದ ಆ ಪಕ್ಕವನ್ನು ತೂರಬಲ್ಲದಾಗಿತ್ತು. ಹೊರಗಿನ ತಗಡಿನ ದಪ್ಪವಾದರೋ 5 ಮಿಲಿಮೀಟರ್. ಗುಂಡನ್ನು ತಡೆದು ನಿಲ್ಲಿಸುವುದು ಅದರ ಕೆಲಸವಲ್ಲ. ಗುಂಡು ಓರೆಯಾಗಿ ಬಲಗುಂದಿ ಒಳಗೋಡೆಗೆ ಬಡಿದರೆ ಸಾಕು.

ಹುಡುಗನಿಗೆ ಇಲ್ಲಿ ಒಂದು ಲೆಕ್ಕ ಕೊಟ್ಟೆ (ಮೇಷ್ಟರ ಚಾಳಿ ಎಲ್ಲಿ ಹೋಗುತ್ತದೆ!). ಐದನ್ನು ಮೂವತ್ತೈದರಿಂದ ಭಾಗಿಸಿದರೆ ಮಾದರಿಯ ತಗಡು ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲಿರಬೇಕು. ನಮ್ಮ ಪೆಟ್ಟಿಗೆಯ ಪ್ಲಾಸ್ಟಿಕ್ ಹಾಳೆ ಸುಮಾರು ಒಂದು ಮಿಲಿಮೀಟರ್ ಇತ್ತು. ಅಂದರೆ 35 ಮಿಲಿಮೀಟರ್ ಉಕ್ಕಿಗೆ ಸಮ. ಏಪ್ರನ್ನು ತಾನು ಕಾಯಬೇಕಾದ ಮೈಗಿಂತ ದಪ್ಪ! ಹಾಳೆಯನ್ನೆಲ್ಲ ತೆಳುಮಾಡಬೇಕಾಗಿಲ್ಲ. ಕಣ್ಣಿಗೆ ಬೀಳುವುದು ಅಂಚು ಮಾತ್ರ; ಹಿಂಬದಿಯಿಂದ ಉಪ್ಪುಕಾಗದದಲ್ಲಿ ಅಂಚನ್ನು ಓರೆಯಾಗಿ ಉಜ್ಜಿದರೆ ಸಾಕು.

ಇನ್ನು ಸರಪಳಿ. ನಿಜವಾದ ಟ್ಯಾಂಕಿನಲ್ಲಿ ಒಂದೊಂದು ಪಕ್ಕಕ್ಕೆ 99 ಕೊಂಡಿಗಳು. ಆ ಉಕ್ಕಿನ ಭಾರಕ್ಕೆ ಮೇಲ್ಭಾಗವು ನಾಲ್ಕು ಸಣ್ಣ ಉರುಳೆಗಳ ನಡುನಡುವೆ ಜೋತುಬಿದ್ದಿರುತ್ತದೆ. ಅಗ್ಗದ ಕಿಟ್‌ಗಳಲ್ಲಿ ಬರುವ ಒಂದೇ ತುಂಡಿನ ಮೆದು ಪಟ್ಟಿಯು ಹಿಟ್ಟಿನ ಗಿರಣಿಯ ಬೆಲ್ಟಿನಂತೆ ಬಿಗಿದು ನಿಲ್ಲುತ್ತದೆ, ನನಗದು ಸಲ್ಲದು. ಬಿಡಿಕೊಂಡಿಗಳನ್ನು ಸಾಲಾಗಿ ಅಂಟಿಸಿ, ಅಂಟು ಅರ್ಧ ಆರಿ ಸಾಲು ಇನ್ನೂ ಬಾಗುವಂತಿರುವಾಗಲೇ ಗಾಲಿಗಳ ಸುತ್ತ ಹೊದಿಸಬೇಕು. ಮೇಲಿನಿಂದ ಸ್ಪಂಜಿನ ಚೂರುಗಳನ್ನು ತುರುಕಿ ಒತ್ತಿಟ್ಟರೆ ಜೋಲು ತಾನಾಗಿ ಬರುತ್ತದೆ. ಬಣ್ಣವೂ ಒಣಗಿದ ಮೇಲೆಯೇ ತಗಡುಗಳ ಸರದಿ.

ತಗಡಿನ ಹಿಂದೆ ಮರೆಯಾಗುವ ಸರಪಳಿಗೆ ಇಷ್ಟು ಶ್ರಮವೇಕೆ ಎನ್ನುವವರಿದ್ದಾರೆ. ಎಲ್ಲ ತಗಡುಗಳನ್ನೂ ಅಂಟಿಸಿಬಿಟ್ಟರೆ ಅವರ ಮಾತು ನಿಜವೇ. ಆದರೆ ಅಸಲು ತಗಡುಗಳು ಕೊಕ್ಕೆಗಳಿಗೆ ತೂಗುತ್ತಿದ್ದವು. ಮರ, ಗೋಡೆ ತಗುಲಿದರೆ ಕಳಚಿ ಬೀಳುತ್ತಿದ್ದವು. ಆ ಕಾಲದ ಛಾಯಾಚಿತ್ರಗಳಲ್ಲಿ ಬಾಗಿದವೂ ಇವೆ, ಬರಿದಾದ ಜಾಗಗಳೂ ಇವೆ. ಆದುದರಿಂದ ಒಂದು ತಗಡನ್ನಾದರೂ ಬಿಡಬೇಕೆಂಬುದು ನನ್ನ ಹಟ. ಇಡಿಯಾಗಿ ಮುಚ್ಚಿದ ಟ್ಯಾಂಕು ಹುಡುಗನ ಕಣ್ಣಿಗೆ ಸೋಲರಿಯದ ದೈತ್ಯ. ಆ ಸಂದಿಯೊಳಗೆ ಕಾಣುವ ತೆಳುಗೋಡೆಯನ್ನು ತೋರಿಸಿ, ಇದರ ಹಿಂದೆ ಐವರು ಕುಳಿತಿರುತ್ತಿದ್ದರೆಂದು ಹೇಳಬೇಕು. 1941ರ ಜೂನ್‌ನಲ್ಲಿ ಯಾರು ಯಾರ ನೆಲಕ್ಕೆ ನುಗ್ಗಿದರೆಂಬುದನ್ನೂ ಹೇಳದೆ ಬಿಡಬಾರದು. ಪೆಟ್ಟಿಗೆಯೊಳಗಿನ ಸೂಚನೆಯ ಹಾಳೆ ಇವೆರಡನ್ನೂ ಹೇಳುವುದಿಲ್ಲ.

ಕೇಳಿದವರಿಗೆ ಇನ್ನೊಂದು ಮಾತು: ಚೂರಿಯ ಕೆಲಸವನ್ನು ಸದ್ಯಕ್ಕೆ ನೀವೇ ಮಾಡಿ. ಅಂಟಿನ ವಾಸನೆ ಬಲು ಘಾಟು, ಕಿಟಕಿ ತೆರೆದಿರಲಿ.