ಹೆಸರಿಲ್ಲದ ಸಂಗ್ರಹ, ಕಳೆದುಹೋದ ಸಂಗ್ರಹ

ಚಿಂತಾಮಣಿ ತಾಲೂಕಿನ ಮುರುಗಮಲ್ಲದ ಆಸುಪಾಸಿನ ಶಾಸನಗಳನ್ನು ಅರಸುವವನು ಇಂದು ಸಹಜವಾಗಿ ‘ಚಿಕ್ಕಬಳ್ಳಾಪುರ ಜಿಲ್ಲೆ’ ಎಂದೇ ಹುಡುಕುತ್ತಾನೆ. ಆದರೆ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 10ನೆಯ ಸಂಪುಟ 1905ರಲ್ಲಿ ಅಚ್ಚಾದಾಗ ಈ ತಾಲೂಕು ಕೋಲಾರ ಜಿಲ್ಲೆಗೆ ಸೇರಿತ್ತು; ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಇಂದಿನ ಬಂಗಾರಪೇಟೆ ಆ ಸಂಪುಟದಲ್ಲಿ ಬೌರಿಂಗ್‌ಪೇಟೆ. ನಂದಿಯ ಬಳಿಯ ಗೋಪಿನಾಥ ಬೆಟ್ಟದ ಜೈನ ಶಾಸನವೂ ‘ಕೋಲಾರ’ದ ಹೊದಿಕೆಯೊಳಗೇ ಅಡಗಿದೆ. ಗ್ರಂಥದ ಪುಟಗಳನ್ನು ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಈ ಅಂತರ ಅಳಿಯದು. ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಯಾರಾದರೂ ಜೋಡಿಸಿ ಬರೆದಿಡಬೇಕು.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಕಲಿಸಿದ ಪಾಠವೂ ಇದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಭಾಗಿಯಾಗಿದ್ದ ಆ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ, ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿ ದಾಖಲಾದವು. ಅವುಗಳನ್ನು ಕನ್ನಡ ಲಿಪಿಗೆ ತರಲು ‘ಸಂಚಯ’ ತಂಡ ಮುಂದೆ ಓದುಗರ ನೆರವನ್ನೇ ಕೋರಬೇಕಾಯಿತು.

ಓಲೆ ಪುಡಿಯಾಗುತ್ತಿರುವಾಗ, ರಸ್ತೆಯ ಅಗಲೀಕರಣಕ್ಕೆ ಕಲ್ಲು ಸಿಲುಕಿರುವಾಗ ಮೊದಲು ಚಿತ್ರ ತೆಗೆಯೋಣ, ವಿವರ ಆಮೇಲಾಗಲಿ ಎಂಬ ವಾದವುಂಟು. ಆ ಆತುರಕ್ಕೆ ಕಾರಣವಿದೆ. ಆದರೆ ‘ಆಮೇಲೆ’ ಎಂಬುದು ಬಹುಮಟ್ಟಿಗೆ ಬರುವುದೇ ಇಲ್ಲ. ಕಲ್ಲು ಯಾರ ಹೊಲದ್ದು, ಯಾವ ಗುಡಿಯ ಮುಂದಿನದು ಎಂದು ಹೇಳಬಲ್ಲ ಊರ ಹಿರಿಯ ಚಿತ್ರ ತೆಗೆಯುವ ದಿನ ಎದುರಿಗಿರುತ್ತಾನೆ, ಹತ್ತು ವರ್ಷದ ಮೇಲೆ ಇರಲಾರ.

ನಮ್ಮ ಪೂರ್ವಿಕರಿಗೆ ಇದು ತಿಳಿದಿತ್ತು. ಶಾಸ್ತ್ರದಾನಕ್ಕಾಗಿ ಓಲೆಗ್ರಂಥವನ್ನು ಪ್ರತಿಮಾಡಿದ ಲಿಪಿಕಾರರು ಕೊನೆಯಲ್ಲಿ ಕಾಲವನ್ನೂ ಬರೆಯಿಸಿದವರ ಹೆಸರನ್ನೂ ನಮೂದಿಸುತ್ತಿದ್ದರು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದೆಡೆಯ ಭಂಡಾರಗಳ ಓಲೆಗ್ರಂಥಗಳ ಸೂಚಿಯನ್ನು ಸಿದ್ಧಪಡಿಸಿ, ಅದು 1948ರಲ್ಲಿ ಪ್ರಕಟವಾಯಿತು. ಆಗ ಸ್ಕ್ಯಾನರ್ ಇರಲಿಲ್ಲ. ಆದರೂ ಯಾವ ಗ್ರಂಥ ಎಲ್ಲಿದೆ ಎಂದು ವಿದ್ವಾಂಸರಿಗೆ ತಿಳಿಯಿತು.

ಆದ್ದರಿಂದ ಅನುದಾನ ನೀಡುವವರು ಪುಟಗಳ ಲೆಕ್ಕವನ್ನಷ್ಟೇ ಕೇಳಬಾರದು. ಪ್ರತಿ ಚಿತ್ರದೊಡನೆ ಶಾಸನದ ಹಳೆಯ ಸಂಖ್ಯೆ, ಇಂದಿನ ಗ್ರಾಮ ಮತ್ತು ಜಿಲ್ಲೆ, ಚಿತ್ರ ತೆಗೆದ ದಿನ, ಬಳಕೆಯ ನಿಯಮ ಇವೆಯೇ? ಪ್ರತಿಗಳು ಎರಡು ಬೇರೆ ಸ್ಥಳಗಳಲ್ಲಿವೆಯೇ? ಹೆಸರು ಬರೆಯುವವನ ಸಂಬಳವೂ ಯೋಜನೆಯಲ್ಲಿ ಸೇರಿದೆಯೇ? ಕಲ್ಲು ನಾಶವಾದ ದಿನ ಚಿತ್ರವೊಂದೇ ಸಾಕ್ಷಿ. ಅದೂ ಹುಡುಕಿದರೆ ಸಿಗದೆ ಹೋದರೆ, ಶಾಸನ ಎರಡನೆಯ ಸಲ ನಾಶವಾದಂತೆ.