ಥಾಯ್ಲೆಂಡಿಗೆ ಹೋದ್ರ ಸಂಸ್ಕೃತಿ, ಚಿಕ್ಕನರಗುಂದಕ್ಕ ಬಂದ್ರ ಡ್ಯೂಟಿ!

ಥಾಯ್ಲೆಂಡಿನ ಶಾಲೆಗಳಲ್ಲಿ ಜೂನ್ ಹೊತ್ತಿಗೆ, ಸಾಮಾನ್ಯವಾಗಿ ಒಂದು ಗುರುವಾರ, 'ವಾಯ್ ಖ್ರು' ನಡೆಯುತ್ತದೆ. 'ವಾಯ್' ಅಂದರೆ ಕೈಮುಗಿಯುವುದು. 'ಖ್ರು' ನಮ್ಮ 'ಗುರು' ಪದದ ಬಳಗದ್ದೇ. ಅಂದು ಮಕ್ಕಳು ಮಾಸ್ತರರ ಮುಂದೆ ಕೂತು ಹೂವು ಅರ್ಪಿಸುತ್ತಾರೆ. ಅದರಲ್ಲಿ ಸಂಪ್ರದಾಯದಂತೆ ಗರಿಕೆ ಇರುತ್ತದೆ, ಬದನೆ ಹೂವೂ ಇರುತ್ತದೆ. ತುಳಿದರೂ ಚಿಗುರುವ ಗರಿಕೆ ತಾಳ್ಮೆಗೆ, ತಲೆ ಬಾಗಿಸಿ ನಿಲ್ಲುವ ಬದನೆ ಹೂವು ವಿನಯಕ್ಕೆ.

ಇಂಡೋನೇಷ್ಯಾ, ಫಿಲಿಪ್ಪೀನ್ಸ್ ದೇಶಗಳ ಶಿಕ್ಷಕ ವಿದ್ಯಾರ್ಥಿಗಳು ವಿನಿಮಯ ಕಾರ್ಯಕ್ರಮದಡಿ ಥಾಯ್ ಶಾಲೆಗಳಿಗೆ ಹೋಗಿ ಸುಮಾರು ಒಂದು ತಿಂಗಳು ಪಾಠ ಮಾಡಿ ಬರುತ್ತಾರೆ. ಹೋದವರು ಮೊದಲು ಸುಮ್ಮನೆ ಕೂತು ನೋಡುತ್ತಾರೆ. ಎಲ್ಲಿ ಚಪ್ಪಲಿ ಬಿಡಬೇಕು, ಯಾರಿಗೆ ಎಷ್ಟು ಬಾಗಿ ಕೈಮುಗಿಯಬೇಕು, ಮಗುವಿನ ತಲೆ ಯಾಕೆ ಮುಟ್ಟಬಾರದು ಎಂದು ಕಲಿಯುತ್ತಾರೆ. ಪರದೇಶ ಅಂದಮೇಲೆ ಅಷ್ಟು ಎಚ್ಚರ ತಾನಾಗಿಯೇ ಬರುತ್ತದೆ. ಒಳ್ಳೆಯದೇ.

ನಮ್ಮ ತಕರಾರು ಬೇರೆ. ಆ ಎಚ್ಚರ ನರಗುಂದ ತಾಲ್ಲೂಕಿನ ಚಿಕ್ಕನರಗುಂದದಂಥ ಊರಿಗೆ ಬರುವಾಗ ಎಲ್ಲಿ ಹೋಗುತ್ತದೆ? ಗರಿಕೆ ನಮ್ಮ ಎರೆಹೊಲದ ಬದುವಿನಲ್ಲೂ ಇದೆ. ಬದನೆ ಗಿಡ ಹಿತ್ತಲಲ್ಲಿದೆ, ಎಣಗಾಯಿ ತಾಟಿನಲ್ಲಿದೆ. ಅದನ್ನು ಪಾಠಕ್ಕೆ ತರಬಹುದು ಎಂದು ಬಿ.ಇಡಿ. ಪ್ರಶಿಕ್ಷಣಾರ್ಥಿಗೆ ಹೇಳುವವರು ಯಾರು?

ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಇಡಿ.ಯನ್ನು 2 ವರ್ಷಕ್ಕೆ ಏರಿಸಿತು, ಅದರಲ್ಲಿ 20 ವಾರ ಶಾಲೆಯಲ್ಲಿ ಇರಬೇಕು ಎಂದಿತು. ಮಗು ಮತ್ತು ಶಾಲೆಯ ಜೊತೆಗೆ ಸಮುದಾಯವನ್ನೂ ಅರಿಯಬೇಕು ಎಂದು ಪಠ್ಯಕ್ರಮದಲ್ಲೇ ಬರೆದಿದೆ. ನಾವು ಹಳ್ಳಿಗಳಲ್ಲಿ ಕಂಡಿರುವುದು ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವ ಬೋಧನಾಭ್ಯಾಸ. ಪಾಠಯೋಜನೆ ಬರೆದಾಯಿತು, ಚಾರ್ಟ್ ಅಂಟಿಸಿದ್ದಾಯಿತು, ಸಹಿ ಬಿತ್ತು. ಶಾಲೆ ಗೇಟಿನಿಂದ ಬಸ್‌ಸ್ಟ್ಯಾಂಡಿನ ತನಕ ಕಂಡದ್ದಷ್ಟೇ ಊರು.

ಇದರ ನಷ್ಟ ಮೊದಲು ಬೀಳುವುದು ಮಗುವಿನ ನಾಲಿಗೆಯ ಮೇಲೆ. 'ಒಲ್ಲೆರೀ ಅಕ್ಕೋರ' ಅಂದ ಹುಡುಗಿಗೆ 'ಬೇಡ ಅನ್ನು' ಎಂಬ ತಿದ್ದುಪಡಿ. 'ಒಲ್ಲೆ' ಹನ್ನೆರಡನೆಯ ಶತಮಾನದ ವಚನಗಳಲ್ಲೇ ಸಿಗುವ ಕನ್ನಡ. 'ಕುಂದ್ರು', 'ನಿಂದ್ರು' ಅಂದರೆ ಹಿಂದಿನ ಬೆಂಚಿನಿಂದ ನಗು. ನಾಕು ಸಲ ತಿದ್ದಿಸಿಕೊಂಡ ಮಗು ಐದನೇ ಸಲ ಬಾಯಿ ತೆರೆಯುವುದಿಲ್ಲ. ಆಮೇಲೆ ನಾವೇ 'ಈ ಕಡೆ ಹುಡುಗರು ಮಾತೇ ಆಡಂಗಿಲ್ಲ' ಎಂದು ವರದಿ ಬರೆಯುತ್ತೇವೆ! ಬರೆಯುವ ಕನ್ನಡ ಕಲಿಸಬೇಕು, ಬೇಡ ಅಂದವರಾರು? ಮನೆಯ ಮಾತನ್ನು ತಪ್ಪು ಅನ್ನದೆ, ಅದರ ಪಕ್ಕ ಇನ್ನೊಂದನ್ನು ಇಟ್ಟು ಕಲಿಸಿರಿ.

ಎರಡನೆಯ ನಷ್ಟ ಹಾಜರಿ ಪುಸ್ತಕದ್ದು. ಈ ಭಾಗದಲ್ಲಿ ಮುಂಗಾರಿನ ಹೆಸರು ಬಿಡಿಸುವ ದಿನ ಬೇರೆ, ಉಳ್ಳಾಗಡ್ಡಿ ಕೀಳುವ ದಿನ ಬೇರೆ, ಹತ್ತಿ ಬಿಡಿಸುವ ದಿನ ಬೇರೆ. ಆ ದಿನಗಳಲ್ಲಿ ಬೆಂಚು ಯಾಕೆ ಖಾಲಿ ಎಂದು ತಿಳಿಯದ ಶಿಕ್ಷಕರಿಗೆ ಮಗು 'ಗೈರು' ಅಷ್ಟೇ. ತಿಳಿದವರು ಅವ್ವ-ಅಪ್ಪನ ಹತ್ತಿರ ಹೋಗಿ ಮಾತಾಡುತ್ತಾರೆ, ಹುಡುಗ ಎರಡು ದಿನದಲ್ಲಿ ತಿರುಗಿ ಬರುತ್ತಾನೆ. 1980ರ ರೈತ ಬಂಡಾಯದಿಂದ 2015ರಲ್ಲಿ ಶುರುವಾದ ಮಹದಾಯಿ ಧರಣಿಯ ತನಕ ನೀರಿಗಾಗಿ ಬೀದಿಗಿಳಿದ ತಾಲ್ಲೂಕಿದು. ಇಲ್ಲಿನ ಮಗುವಿಗೆ 'ಜಲಸಂಪನ್ಮೂಲ' ಪಾಠವನ್ನು ಬರೀ ಪುಸ್ತಕ ಓದಿ ಮಾಡುವುದು ಎಂಥ ಪಾಠ?

'ಪ್ರಶಿಕ್ಷಣಾರ್ಥಿಗಳು ಹಳ್ಳಿಯಲ್ಲಿ ಉಳಿಯುವುದೆಲ್ಲಿ? ಹೆಣ್ಣುಮಕ್ಕಳ ಸುರಕ್ಷತೆ ಏನು?' ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲರೂ ರಾತ್ರಿ ಉಳಿಯಲೇಬೇಕು ಎಂದು ನಾವು ಹೇಳುತ್ತಿಲ್ಲ. 20 ವಾರಗಳಲ್ಲಿ ಮೊದಲ ಒಂದು ವಾರ ಊರಿಗೆ ಕೊಡಿ. ಇಬ್ಬಿಬ್ಬರು ಸೇರಿ ಮಕ್ಕಳ ಮನೆಗೆ ಹೋಗಲಿ, ಅಂಗನವಾಡಿ ಅಕ್ಕನ ಜೊತೆ ಕೂರಲಿ, ಸಂತೆ ನೋಡಲಿ, ಊರಿನ ಐವತ್ತು ಪದ ಬರೆದುಕೊಳ್ಳಲಿ, ಬೆಳೆ ಮತ್ತು ಹಬ್ಬದ ತಿಂಗಳಪಟ್ಟಿ ಮಾಡಲಿ. ಚಾರ್ಟಿಗೆ ಕೊಡುವ ಅಂಕಗಳಲ್ಲಿ ಒಂದಿಷ್ಟನ್ನು ಈ ಪಟ್ಟಿಗೆ ಕೊಡಿ. ಅಂಕ ಇಲ್ಲದ ಕೆಲಸವನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಮಾಡುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವ ಮಾತು.

'ಗದಗಿನವರಿಗೆ ನರಗುಂದದ ಸಂಸ್ಕೃತಿ ಏನು ಹೊಸದು?' ಎಂಬ ಮಾತೂ ಬರುತ್ತದೆ. ಪೇಟೆಯಲ್ಲಿ ಬೆಳೆದವರಿಗೆ ಹೊಸದೇ. ಹೊಸದು ಅಂತ ಒಪ್ಪಿಕೊಂಡರೆ ಮಾತ್ರ ನೋಡುವ ಕಣ್ಣು ಬರುತ್ತದೆ.

ಥಾಯ್ ಮಕ್ಕಳು ವಾಯ್ ಖ್ರುಗೆ ಗರಿಕೆ ಕೀಳುವ ಸುಮಾರಿಗೇ ನಮ್ಮ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸುತ್ತಿರುತ್ತಾರೆ. ಆ ಎತ್ತಿನಲ್ಲಿ ಆಕಾರ, ತೂಕ, ಮಣ್ಣಿನ ಗುಣ, ಒಕ್ಕಲುತನ ಎಲ್ಲ ಪಾಠವೂ ಇದೆ. ಬೋಧನಾಭ್ಯಾಸಕ್ಕೆ ಬರುವವರೇ, ಅವತ್ತು ಸಂಜೆ ಬಸ್ಸನ್ನು ಒಂದು ತಾಸು ತಡಮಾಡಿ ಹಿಡಿಯಿರಿ. ಓಣಿಯೊಳಗ ಬರ್ರಿ, ಹುಡುಗರ ಸಂಗಾಟ ಕುಂದ್ರಿ, ಒಂದು ಎತ್ತು ನೀವೂ ಮಾಡ್ರಿ.