ಸಾಫ್ಟ್‌ವೇರಿಗೂ ಮೊದಲು ಒಂದು ಜರಡಿ ಬೇಕು ಸ್ವಾಮಿ!

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ. ಏನೇ ಕೆಟ್ಟಿದ್ರೂ "ಕೋಡಲ್ಲಿ ಸರಿ ಮಾಡ್ಕೊಳ್ಳೋಣ ಬಿಡು" ಅಂತೀವಿ. ರೇಡಿಯೋ ವಿಷಯದಲ್ಲಿ ಈ ಮಾತು ನಡೆಯಲ್ಲ ಅನ್ನೋದು ನನ್ನ ವಾದ.

2012ರಲ್ಲಿ, ಟೀವಿ ನೋಡೋಕೆ ಅಂತ ಮಾಡಿದ್ದ ಅಗ್ಗದ ಯುಎಸ್‌ಬಿ ಡಾಂಗಲ್ಲುಗಳನ್ನೇ ಸಾಫ್ಟ್‌ವೇರ್ ರೇಡಿಯೋ ಮಾಡ್ಕೋಬಹುದು ಅಂತ ಹವ್ಯಾಸಿಗಳಿಗೆ ಗೊತ್ತಾಯ್ತು. ಒಳ್ಳೇದೇ. ಆದ್ರೆ ಅಲ್ಲಿಂದೀಚೆಗೆ ಎಲ್ರೂ ಅಲ್ಗಾರಿದಮ್ ಬಗ್ಗೆ ಮಾತಾಡೋರೇ, ಆಂಟೆನಾ ಪಕ್ಕದಲ್ಲಿರಬೇಕಾದ ಫಿಲ್ಟರನ್ನ ಕೇಳೋರೇ ಇಲ್ಲ.

ಆ ಡಾಂಗಲ್ಲಿನ ಎಡಿಸಿ ಬರೀ 8 ಬಿಟ್ಟಿನದು. ಬಿಟ್ಟಿಗೆ 6 ಡೆಸಿಬಲ್ ಅಂದ್ರೂ ಹತ್ತಿರ ಹತ್ತಿರ 50. ಅದರ ಹಿಂದಿನ ಆಂಪ್ಲಿಫೈಯರ್ ಅಂತೂ ಆಂಟೆನಾಗೆ ಬರಿಮೈಲಿ ನಿಂತಿರುತ್ತೆ. ಬೆಂಗಳೂರಿನ ಲೆಕ್ಕವನ್ನೇ ತಗೊಳ್ಳಿ. 91.1 ಮತ್ತು 101.3 ಎರಡೂ ಜೋರಾಗಿ ಒಳಗೆ ನುಗ್ಗಿದರೆ 101.3ರ ಎರಡರಷ್ಟರಲ್ಲಿ 91.1 ಕಳೆದು 111.5 ಮೆಗಾಹರ್ಟ್ಸಿನಲ್ಲಿ ಇಲ್ಲದ ಸ್ಟೇಷನ್ನೊಂದು ಹುಟ್ಟುತ್ತೆ. ಅದು ವಿಮಾನಗಳಿಗೆ ದಾರಿ ತೋರಿಸೋ ಸಂಕೇತಗಳ ಜಾಗ! ಅಲ್ಲಿ ನಿಜವಾದ ಸಂಕೇತದ ಮೇಲೇ ಈ ಭೂತ ಕೂತ್ರೆ, ಆಮೇಲೆ ಯಾವ ಕೋಡ್ ತಾನೇ ಬಿಡಿಸುತ್ತೆ? ಹಾಲಿಗೆ ನೀರು ಬೆರೆತ ಮೇಲೆ ಸೋಸಿದ ಹಾಗೆ.

ಹಳೇ ಟ್ರಾನ್ಸಿಸ್ಟರಿನವರಿಗೆ ಇದು ಗೊತ್ತಿತ್ತು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸಿಗೆ ತಿರುಗಿಸಿದ್ರೆ ಒಳಗಿನ ಆಸಿಲೇಟರ್ 1067ಕ್ಕೆ ಹೋಗುತ್ತೆ, ವ್ಯತ್ಯಾಸ 455. ಆದ್ರೆ 1522ರಲ್ಲಿರೋ ಸ್ಟೇಷನ್ನಿಗೂ ವ್ಯತ್ಯಾಸ ಅದೇ 455! ಅದನ್ನ ಬಾಗಿಲಲ್ಲೇ ತಡೆಯೋದು ಫೆರೈಟ್ ಕಡ್ಡಿಯ ಕಾಯಿಲ್ ಮತ್ತು ಗ್ಯಾಂಗ್ ಕಂಡೆನ್ಸರಿನ ಒಂದು ಭಾಗ. ಇನ್ನೊಂದು ಭಾಗ ಆಸಿಲೇಟರಿಗೆ. ಒಂದೇ ಗುಬುಟು, ಎರಡೂ ಜೊತೆಜೊತೆಗೇ ತಿರುಗುತ್ವೆ. 531ರಿಂದ 1602ಕ್ಕೆ ಫ್ರೀಕ್ವೆನ್ಸಿ ಮೂರು ಪಟ್ಟು, ಹಾಗಾಗಿ ಕೆಪಾಸಿಟನ್ಸ್ ಒಂಬತ್ತು ಪಟ್ಟು ಬದಲಾಗಬೇಕು. ಎಂಥಾ ಅಚ್ಚುಕಟ್ಟು ನೋಡಿ.

ಫಿಲ್ಟರ್ ಪುಕ್ಕಟೆ ಬರಲ್ಲ, ಒಪ್ತೀನಿ. ಆಂಟೆನಾ ಮುಂದೆ 3 ಡೆಸಿಬಲ್ ಕಳ್ಕೊಂಡ್ರೆ ನಾಯ್ಸ್ ಫಿಗರ್ ಅಷ್ಟೇ ಕೆಡುತ್ತೆ. ಶಾರ್ಟ್‌ವೇವಲ್ಲಿ ಆಕಾಶದ ಗದ್ದಲವೇ ಜಾಸ್ತಿ ಇರೋದ್ರಿಂದ ಆ ನಷ್ಟ ಗೊತ್ತಾಗಲ್ಲ, ವಿಎಚ್‌ಎಫ್‌ನಲ್ಲಿ ಗೊತ್ತಾಗುತ್ತೆ. ಗ್ಯಾಂಗ್ ಬದಲು ವ್ಯಾರಾಕ್ಟರ್ ಡಯೋಡ್ ಹಾಕಿದ್ರೆ ಜೋರು ಸಿಗ್ನಲ್ಲೇ ಅದರ ಕೆಪಾಸಿಟನ್ಸನ್ನ ಅಲ್ಲಾಡಿಸಿ ಹೊಸ ಭೂತ ಹುಟ್ಟಿಸಬಹುದು. ಬೆನ್ನಿಗೆ ಬೆನ್ನು ಕೊಟ್ಟು ಎರಡು ಡಯೋಡ್ ಹಾಕೋದು ಅದಕ್ಕೇ.

ಆದ್ರೂ ನನ್ನ ಸಲಹೆ ಇಷ್ಟೇ: ಇನ್ನೂ ದುಬಾರಿ ಡಾಂಗಲ್ ತಗೊಳ್ಳೋ ಮುಂಚೆ ಒಂದು ಕಾಯಿಲ್ ಸುತ್ತಿ, ಹಳೇ ಗ್ಯಾಂಗ್ ಒಂದನ್ನ ಹುಡುಕಿ. ಬೇಡದ್ದನ್ನ ಬಾಗಿಲಲ್ಲೇ ತಡೆಯೋದು ಒಳಗೆ ಬಿಟ್ಕೊಂಡು ಜಗಳ ಆಡೋದಕ್ಕಿಂತ ವಾಸಿ. ಏನಂತೀರಿ?